ಗಾರ್ಮೆಂಟ್ಸ್‌ಗೆ ಹೋಗಲಾ, ಊರಲ್ಲೇ ಇರಲಾ? ಹೋಗಿ ಬಂದವರು ಹೇಳಿ

ಶನಿವಾರಸಂತೆ ಸೊಸೆ:
ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಕೊಡಗಿನ ಶನಿವಾರಸಂತೆ ಹತ್ತಿರ ತೋಟದ ಲೈನ್ ಮನೆಯಲ್ಲಿದ್ದೇವೆ, ಕೂಲಿಯವರಿಗೆ ಅಂತ ಸಾಲಾಗಿ ಕಟ್ಟಿರುತ್ತಾರಲ್ಲ, ಅದು. ಗಂಡನದು ಗಾರೆ ಕೆಲಸ. ಮಳೆ ಹಿಡಿದರೆ ಮೂರು ತಿಂಗಳು ಮನೆಯಲ್ಲೇ. ಮಗನಿಗೆ ಎರಡೂವರೆ ವರ್ಷ. ಚಿಕ್ಕಮ್ಮನ ಮಗಳು ಬೆಂಗಳೂರಿನ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿದ್ದಾಳೆ. ಬಾ, ಹೆಲ್ಪರ್ ಆಗಿ ಸೇರಿಸುತ್ತೇನೆ ಅಂತ ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ. ನನಗೆ ಮನೆ ಮಷಿನ್ ಬರುತ್ತದೆ, ಫ್ಯಾಕ್ಟರಿಯಲ್ಲಿರುವ ಕರೆಂಟಿನ ಪವರ್ ಮಷಿನ್ ಮುಟ್ಟಿಲ್ಲ. ಕೇಳಬೇಕಾಗಿದ್ದು ಎರಡೇ. ಮಗನನ್ನು ಕರೆದುಕೊಂಡು ಹೋದರೆ ಫ್ಯಾಕ್ಟರಿಯಲ್ಲಿ ನೋಡಿಕೊಳ್ಳುತ್ತಾರಾ, ಇಲ್ಲ ಅತ್ತೆ ಹತ್ತಿರ ಬಿಟ್ಟು ಹೋಗಬೇಕಾ? ಖರ್ಚೆಲ್ಲ ಕಳೆದು ಕೈಗೆ ಎಷ್ಟು ಉಳಿಯುತ್ತದೆ? ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ.

ಓವರ್‌ಲಾಕ್ ಅಕ್ಕ:
ಕಣ್ಣು ಮುಚ್ಚಿಕೊಂಡು ಹೋಗು ತಂಗಿ. ನಾನು 2011ರಲ್ಲಿ ಹೋದವಳು. ಕೊಡ್ಲಿಪೇಟೆಯಿಂದ ಒಂದು ಬ್ಯಾಗು, ಒಂದು ಚಾಪೆ, ಎರಡು ಸೇರು ಅಕ್ಕಿ, ಅಷ್ಟೇ. ಬೊಮ್ಮನಹಳ್ಳಿ ಕಡೆ ಹದಿಮೂರು ವರ್ಷ ಮಾಡಿದೆ. ಮೊದಲ ಏಳು ತಿಂಗಳು ಹೆಲ್ಪರ್. ಹೆಲ್ಪರ್ ಅಂದರೆ ದಾರ ಕತ್ತರಿಸಬೇಕು, ಬಂಡಲ್ ಹೊರಬೇಕು, ಟೈಲರ್‌ಗಳ ಹತ್ತಿರ ಬೈಸಿಕೊಳ್ಳಬೇಕು. ಊಟಕ್ಕೆ ಅರ್ಧ ಗಂಟೆ ಬಿಡುತ್ತಿದ್ದರು. ನಾನು ಹತ್ತು ನಿಮಿಷದಲ್ಲಿ ತಿಂದು ಮುಗಿಸಿ ಉಳಿದ ಇಪ್ಪತ್ತು ನಿಮಿಷ ಬಟ್ಟೆ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಮುಂದೆ ಕೂರುತ್ತಿದ್ದೆ. ಮಂಡ್ಯದ ಕಡೆಯ ಒಬ್ಬ ಅಕ್ಕ ಚಿಂದಿ ಬಟ್ಟೆ ಕೊಟ್ಟು ಕಲಿಸಿದರು. ಪೆಡಲ್ ಒತ್ತಿದ ಮೊದಲ ದಿನ ಬಟ್ಟೆ ಕೈತಪ್ಪಿ ಹಾರಿ ಹೋಗಿತ್ತು. ನಿನ್ನ ಮನೆ ಮಷಿನ್ ಎಮ್ಮೆ ಕಣೇ, ಇದು ಹುಚ್ಚು ಕುದುರೆ.

ಈಗ ಊರಲ್ಲಿ ನನ್ನ ಹೆಸರಲ್ಲಿ ಎರಡು ರೂಮಿನ ಮನೆ ಇದೆ. ಲೆಕ್ಕ ಬೇಕಾ? ಒಟ್ಟು 6 ಲಕ್ಷದ 40 ಸಾವಿರ. ಪಿಎಫ್‌ನಿಂದ 2 ಲಕ್ಷದ 10 ಸಾವಿರ. ಚೀಟಿ ಎತ್ತಿದ್ದು ಒಂದೂವರೆ ಲಕ್ಷ. ಓಲೆ, ಸರ ಅಡವಿಟ್ಟಿದ್ದು 80 ಸಾವಿರ. ಉಳಿದ 2 ಲಕ್ಷ ತಿಂಗಳಿಗೆ ಇಷ್ಟಿಷ್ಟು ಅಂತ ಅಣ್ಣನ ಕೈಗೆ ಕಳಿಸಿದ್ದು. ಮರಳು ಮೂರು ಲೋಡ್ ಅಂತ ಹೇಳಿ ಎರಡೂವರೆ ಹಾಕಿಸಿದ್ದ. ಮೇ ಕೊನೆಗೆ ಶೀಟ್ ಹೊದಿಸಬೇಕಿತ್ತು, ಮೇಸ್ತ್ರಿ ಬೇರೆ ಕೆಲಸಕ್ಕೆ ಹೋದ. ಜೂನ್ ಮಳೆಗೆ ಪಡುವಣ ಗೋಡೆ ಪೂರ್ತಿ ಕೂತುಬಿಟ್ಟಿತು. ಅದನ್ನು ಎಬ್ಬಿಸಲು ಮತ್ತೆ 38 ಸಾವಿರ. ಆ 38 ಸಾವಿರ ಅಂದರೆ ಎಷ್ಟು ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಅಂತ ನಾನು ಲೆಕ್ಕ ಹಾಕಿದ್ದೆ, ಈಗ ಹೇಳಿದರೆ ಹೊಟ್ಟೆ ಉರಿಯುತ್ತದೆ.

ಆ ಪಿಎಫ್ ದುಡ್ಡು ಸುಮ್ನೆ ಬಂದಿದ್ದಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ತಂದಿತ್ತು. ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರ ಕಣ್ಣು ಉಳಿಯುತ್ತದೆ ಹೇಳಿ? ಏಪ್ರಿಲ್ 18ಕ್ಕೆ ಹೊಸೂರು ರಸ್ತೆಗೆ ಇಳಿದೆವು. ಲೀಡರ್ ಇಲ್ಲ, ಮೈಕಿಲ್ಲ, ಕೈಯಲ್ಲಿ ಊಟದ ಡಬ್ಬಿ. ಬಸ್ಸು ಲಾರಿ ಎಲ್ಲ ನಿಂತವು. ನನ್ನ ಮೊಣಕೈಗೆ ಒಂದು ಲಾಠಿ ಏಟು ಬಿತ್ತು, ಡಬ್ಬಿಯ ಮುಚ್ಚಳ ಅಲ್ಲೇ ಹೋಯಿತು. ಮಾರನೇ ದಿನ ಆದೇಶ ವಾಪಸ್. ಮುಚ್ಚಳ ಇಲ್ಲದ ಆ ಡಬ್ಬಿ ಇನ್ನೂ ಇಟ್ಟುಕೊಂಡಿದ್ದೇನೆ, ಉಪ್ಪು ಹಾಕಿಡುತ್ತೇನೆ.

ಮಾದಾಪುರ ಮಳೆ:
ಅಕ್ಕ ಮನೆ ಕಟ್ಟಿದ್ದಾರೆ, ಸಂತೋಷ. ನನ್ನದು ಮನೆ ಕಳಕೊಂಡು ಹೋದ ಕಥೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನಮ್ಮ ಮನೆ, ಹಿಂದಿನ ಅರ್ಧ ಎಕರೆ ಕಾಫಿ ಎಲ್ಲ ಕೆಳಗಿನ ಗದ್ದೆಗೆ ಹೋಯಿತು. ಪರಿಹಾರ ಕೇಂದ್ರದಲ್ಲಿ ಎರಡು ತಿಂಗಳು ಇದ್ದೆವು. ಅಕ್ಟೋಬರ್‌ನಲ್ಲಿ ಗಾರ್ಮೆಂಟ್ಸ್ ಸೇರಿದೆ. ಲಗ್ಗೆರೆಯಲ್ಲಿ ರೂಮು. ಮೂರು ಜನ, ಒಂದು ಕಿಟಕಿ, ಅದು ತೆಗೆದರೆ ಪಕ್ಕದ ಮನೆ ಗೋಡೆ. ವಠಾರದ ಎಂಟು ಮನೆಗೆ ಎರಡು ಕಕ್ಕಸು. ನಾಲ್ಕೂವರೆಗೆ ಎದ್ದರೆ ಕ್ಯೂ ಇಲ್ಲ, ಐದಕ್ಕೆ ಎದ್ದರೆ ಐದನೆಯವಳು. ನೀರು ಎರಡು ದಿನಕ್ಕೊಮ್ಮೆ. ಮಳೆ ನೀರಲ್ಲಿ ಮನೆ ಕಳಕೊಂಡವಳು ಕೊಡ ಹಿಡಿದು ಟ್ಯಾಂಕರ್ ಹಿಂದೆ ಓಡುತ್ತಿದ್ದೆ.

ನಾನು ಶರ್ಟಿಗೆ ಕಾಲರ್ ಕೂರಿಸುತ್ತಿದ್ದೆ. ಗಂಟೆಗೆ 60 ಪೀಸ್ ಟಾರ್ಗೆಟ್. ಕಕ್ಕಸಿಗೆ ಎದ್ದು ಬಂದರೆ ಆರೇಳು ಪೀಸ್ ಹಿಂದೆ. ಹಿಂದಿನವಳ ಬಂಡಲ್ ಬಂದು ತೊಡೆ ಮೇಲೆ ಬಿದ್ದಿರುತ್ತಿತ್ತು. ಸೂಪರ್‌ವೈಸರ್ ಪೀಸ್ ಎತ್ತಿ ಮುಖಕ್ಕೆ ಎಸೆಯುತ್ತಿದ್ದ. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟೆ. ಬಾಟಲಿ ತುಂಬಿಸಿಕೊಂಡು ಹೋಗಿ ತುಂಬಿದ ಬಾಟಲಿಯನ್ನೇ ವಾಪಸ್ ತರುತ್ತಿದ್ದೆ. ಎರಡನೇ ವರ್ಷಕ್ಕೆ ಉರಿಮೂತ್ರ ಶುರುವಾಯಿತು. ಕಾರ್ಮಿಕರ ವಿಮೆಯ ಇಎಸ್ಐ ಡಿಸ್ಪೆನ್ಸರಿಗೆ ಹೋದರೆ ಅರ್ಧ ದಿನದ ಸಂಬಳ ಕಟ್. ಹೊರಗೆ ತೋರಿಸಿದರೆ ಡಾಕ್ಟರಿಗೆ 300, ಪರೀಕ್ಷೆಗೆ 150, ಮಾತ್ರೆಗೆ 480. ಆ ವರ್ಷ ನಾಲ್ಕು ಸಲ.

ಇದರ ಮಧ್ಯೆ ಒಂದು ನಗುವ ಕಥೆ. ಆಟಿ 18ಕ್ಕೆ, ಅಂದರೆ ಮಳೆಗಾಲದ ಆಟಿ ತಿಂಗಳ 18ನೇ ದಿನ, ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಬಸ್ಸಿನವರ ಕೈಲಿ ಕಳಿಸಿದ್ದಳು. ರೂಮಿನ ಮೂವರೂ ತಿಂದೆವು. ಬೆಳಗ್ಗೆ ರಾಯಚೂರು ಕಡೆಯ ಹುಡುಗಿ ಕಕ್ಕಸಿನಿಂದ ಕಿರುಚಿಕೊಂಡು ಬಂದಳು. ಅಕ್ಕಾ ಕೆಂಪಗೆ ಹೋಗ್ತಿದೆ, ನಿನ್ನ ರೋಗ ನನಗೂ ಹತ್ತಿತು ಅಂತ ಗೋಳೋ ಅಂತ ಅಳು. ಆ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ ಅಂತ ಹೇಳುವುದನ್ನೇ ಮರೆತಿದ್ದೆ. ನಮಗೆ ಹುಟ್ಟಿದಾಗಿಂದ ಗೊತ್ತು, ಅವಳಿಗೆ ಹೇಗೆ ಗೊತ್ತಾಗಬೇಕು? ಅಷ್ಟು ವರ್ಷದಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದು ಅವತ್ತೊಂದೇ ದಿನ.

ಬಿಟ್ಟಿದ್ದು ಹೇಗೆ ಅಂದರೆ, 2023ರ ಮೇನಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. 15 ದಿನ ರಜೆ ಕೇಳಿದೆ. ರಿಸೈನ್ ಮಾಡಿ ಹೋಗು, ವಾಪಸ್ ಬಂದಾಗ ಹೊಸದಾಗಿ ಸೇರಿಸಿಕೊಳ್ಳುತ್ತೇವೆ ಅಂದರು. ಸಹಿ ಹಾಕಿದೆ. ನಾಲ್ಕು ವರ್ಷ ಏಳು ತಿಂಗಳು ಆಗಿತ್ತು. ಐದು ವರ್ಷ ಆಗಿದ್ದರೆ ಗ್ರಾಚುಟಿ ಅಂತ ಕೆಲಸ ಬಿಡುವಾಗ ಕೊಡುವ ಗಂಟು ಬರುತ್ತಿತ್ತು. ಪಿಎಫ್ ಅಂತ ಬಂದಿದ್ದು 84 ಸಾವಿರ ಚಿಲ್ಲರೆ. ಮಾಲೀಕರ ಪಾಲಲ್ಲಿ ಮುಕ್ಕಾಲು ಭಾಗ ನುಂಗಿದ್ದಾರೆ. ಹೋಗಬೇಡ ತಂಗಿ.

ಓವರ್‌ಲಾಕ್ ಅಕ್ಕ:
ಸಹಿ ಹಾಕಿದ್ದು ಯಾರು? ರಿಸೈನ್ ಮಾಡಿ ಮತ್ತೆ ಸೇರಿಕೋ ಅನ್ನುವುದು ಎಲ್ಲಾ ಕಡೆ ಇರುವ ಆಟ. ಸರ್ವಿಸ್ ಸೊನ್ನೆಯಿಂದ ಶುರು ಆಗಲಿ ಅಂತಲೇ ಹೇಳುವುದು. ನನಗೂ ಮೂರು ಸಲ ಹೇಳಿದರು. ಲೀವ್ ಲೆಟರ್ ಬರೆದು ರಿಜಿಸ್ಟರ್ ಪೋಸ್ಟ್ ಮಾಡಿ ಊರಿಗೆ ಬಂದೆ. ಸಂಬಳ ಕಟ್ ಮಾಡಿದರು, ಕೆಲಸ ಕಟ್ ಮಾಡಲಿಲ್ಲ.

ಮಾದಾಪುರ ಮಳೆ:
ಅಮ್ಮ ಅರ್ಧ ಮೈ ಬಿದ್ದು ಮಲಗಿದ್ದಾಗ ನಾನು ಪೋಸ್ಟ್ ಆಫೀಸ್ ಹುಡುಕಿಕೊಂಡು ಹೋಗಬೇಕಿತ್ತಾ? ನಿಮ್ಮ ಹಾಗೆ ಧೈರ್ಯ ಎಲ್ಲರಿಗೂ ಇರಲ್ಲ. ನಿಮಗೆ ಮರಳು ತರಿಸಲು ಅಣ್ಣ ಇದ್ದ. ನನಗೆ ಯಾರೂ ಇರಲಿಲ್ಲ.

ಓವರ್‌ಲಾಕ್ ಅಕ್ಕ:
ಅರ್ಧ ಲೋಡ್ ಮರಳು ನುಂಗಿದ ಅಣ್ಣ. ಬೇಕಾದರೆ ಕಳಿಸಿಕೊಡುತ್ತೇನೆ, ಇಟ್ಟುಕೋ.

ಗೋಣಿಕೊಪ್ಪ ಸೈಬರ್:
ಮಾದಾಪುರದವರೇ, ಸುಮ್ನೆ ನುಂಗಿದ್ದಾರೆ ಅನ್ನಬೇಡಿ. ಗೊತ್ತಿಲ್ಲದೆ ಬರೆದರೆ ಓದಿದವರೂ ಅದನ್ನೇ ನಂಬುತ್ತಾರೆ. ನಾನು ಹನ್ನೊಂದು ವರ್ಷದಿಂದ ಪಿಎಫ್ ಕ್ಲೇಮ್ ಹಾಕಿಕೊಡುತ್ತಿದ್ದೇನೆ. ನಿಮ್ಮ ಸಂಬಳದಲ್ಲಿ 12 ಪರ್ಸೆಂಟ್ ಹಿಡಿಯುತ್ತಾರೆ. ಮಾಲೀಕರೂ 12 ಕಟ್ಟುತ್ತಾರೆ. ಆದರೆ ಅವರ 12ರಲ್ಲಿ 8.33 ಪೆನ್ಷನ್ ಖಾತೆಗೆ ಹೋಗುತ್ತದೆ. ಬರೀ 3.67 ಪಿಎಫ್‌ಗೆ. ನೀವು ಹಾಕಿದ್ದು 19ನೇ ಫಾರಂ ಒಂದೇ ಇರಬೇಕು. ಅದರಲ್ಲಿ ಪಿಎಫ್ ಮಾತ್ರ ಬರುತ್ತದೆ. ಪೆನ್ಷನ್ ದುಡ್ಡಿಗೆ 10ಸಿ ಅನ್ನುವ ಫಾರಂ ಬೇರೆ ಹಾಕಬೇಕು. ಹತ್ತು ವರ್ಷ ಸರ್ವಿಸ್ ಆಗದವರು ಅದನ್ನು ವಾಪಸ್ ಪಡೆಯಬಹುದು. ಕೊನೆಯ ಸಂಬಳ ಎಷ್ಟಿತ್ತು?

ಮಾದಾಪುರ ಮಳೆ:
11,400. ಕಂಪನಿಯವರು ಒಂದೇ ಫಾರಂ ಅಂದರು. ಅದಕ್ಕೇ ನಾನು ಪಟ್ಟ ಪಾಡು ಗೊತ್ತಾ? ಆಧಾರ್‌ನಲ್ಲಿ ಅಪ್ಪನ ಇನಿಷಿಯಲ್, ಪಿಎಫ್‌ನಲ್ಲಿ ಗಂಡನ ಇನಿಷಿಯಲ್. ಎರಡು ಸಲ ರಿಜೆಕ್ಟ್. ಆಧಾರ್ ತಿದ್ದಿಸಲು ಮಡಿಕೇರಿಗೆ ಮೂರು ಸಲ ಹೋದೆ. ನೋಟರಿಗೆ 200. ಫೋಟೋ, ಜೆರಾಕ್ಸ್ 90. ಮೂರನೇ ಸಲ ಸರ್ವರ್ ಇಲ್ಲ. ಕಂಪನಿ ಸೀಲ್‌ಗೆ ಬೆಂಗಳೂರಿಗೆ ಒಂದು ಸಲ. ಆವಾಗ ಫ್ರೀ ಬಸ್ ಬಂದಿತ್ತು, ಇಲ್ಲದಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತಿತ್ತು.

ಗೋಣಿಕೊಪ್ಪ ಸೈಬರ್:
ಹಾಗಾದರೆ ನಿಮ್ಮ ಪೆನ್ಷನ್ ದುಡ್ಡು ಇನ್ನೂ ಅಲ್ಲೇ ಕೂತಿದೆ. ಐವತ್ತು ಸಾವಿರದ ಮೇಲೆ ಬರಬೇಕು. ಗ್ರಾಚುಟಿ ಬೇರೆ ವಿಷಯ. ಐದು ವರ್ಷಕ್ಕೆ 11,400ರ ಮೇಲೆ 32,885 ರೂಪಾಯಿ ಆಗುತ್ತಿತ್ತು. ಅದು ಹೋಯಿತು, ಬಿಡಿ.

ಮಾದಾಪುರ ಮಳೆ:
ಅಣ್ಣ, ಐವತ್ತು ಸಾವಿರ ಅಂದರೆ ನಿಜಾನಾ? ಈ ಎರಡು ವರ್ಷ ಅಮ್ಮನ ಮಾತ್ರೆಗೆ ಬಡ್ಡಿಗೆ ತಂದಿದ್ದೇನೆ.

ಗೋಣಿಕೊಪ್ಪ ಸೈಬರ್:
ನಿಜ. ಯುಎಎನ್, ಅಂದರೆ ನಿಮ್ಮ ಪಿಎಫ್ ಖಾತೆ ನಂಬರ್, ಇಲ್ಲಿ ಹಾಕಬೇಡಿ. ಹತ್ತಿರದ ಸೈಬರ್‌ಗೆ ಹೋಗಿ. ನಮ್ಮಲ್ಲೇ ಬರಬೇಕು ಅಂತೇನಿಲ್ಲ.

ರೈಟರ್ ಸುಂಟಿಕೊಪ್ಪ:
ಎಲ್ಲರೂ ಬೆಂಗಳೂರಿಗೆ ಹೋದರೆ ಇಲ್ಲಿ ಕಾಫಿ ಕೊಯ್ಯುವವರು ಯಾರು? ನಾನು ತೋಟದಲ್ಲಿ ರೈಟರ್, ಲೆಕ್ಕ ಬರೆಯುವವನು. ನಮ್ಮ ತೋಟದ ಹದಿನಾರು ಲೈನ್ ಮನೆಯಲ್ಲಿ ಒಂಬತ್ತು ಖಾಲಿ. ಅಸ್ಸಾಂನಿಂದ ಜನ ಕರೆಸಿ ಕೊಯ್ಲು ಮುಗಿಸುತ್ತಿದ್ದೇವೆ. ಲೈನ್ ಮನೆ ಫ್ರೀ, ಕರೆಂಟ್ ಫ್ರೀ, ಸೌದೆ ಫ್ರೀ. ಒಳ್ಳೆ ಗಾಳಿ, ಒಳ್ಳೆ ನೀರು. ಅಲ್ಲಿ ಹೋಗಿ ಹೊಗೆ ಕುಡಿಯುತ್ತಾರೆ. ಮೊದಲು ಹೆಂಗಸರು ತೋಟದಲ್ಲಿ ಹಾಡು ಹೇಳಿಕೊಂಡು ಕೆಲಸ ಮಾಡುತ್ತಿದ್ದರು. ಈಗ ಕೈಯಲ್ಲಿ ಮೊಬೈಲು, ತಿಂಗಳಿಗೆ ಗೃಹಲಕ್ಷ್ಮಿ ಎರಡು ಸಾವಿರ, ಬಸ್ಸು ಫ್ರೀ. ಕೆಲಸ ಯಾರಿಗೆ ಬೇಕು?

ಸಿದ್ದಾಪುರ ಕರಿಮೆಣಸು:
ರೈಟರ್ ಸಾರ್, ನಿಮ್ಮ ತೋಟದಲ್ಲಿ ಹೆಂಗಸರ ಕೂಲಿ ಎಷ್ಟು, ಗಂಡಸರದ್ದು ಎಷ್ಟು, ಅದನ್ನೊಂದು ಬರೆಯಿರಿ.

ನಾನು ಎಲ್ಲಿಗೂ ಹೋಗಿಲ್ಲ. ಮದುವೆಯಾದಾಗಿಂದ ತೋಟದ ಕೆಲಸ. ಇಲ್ಲೇ ಇದ್ದವರು ದಡ್ಡರು ಅನ್ನುವ ಹಾಗೆ ಮಾತಾಡುತ್ತಾರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೊಯ್ಲಿನಲ್ಲಿ ಕೆಜಿ ಲೆಕ್ಕ. ರೋಬಸ್ಟಾ ಗಿಡ ತುಂಬಿದ್ದರೆ ದಿನಕ್ಕೆ 800ರವರೆಗೂ ಮಾಡಿದ್ದೇನೆ. ನನ್ನ ಮೇಲೆ ಗಡಿಯಾರ ಹಿಡಿದು ಯಾರೂ ನಿಲ್ಲಲ್ಲ. ಮರದ ಹಿಂದೆ ಹೋಗಿ ಬಂದರೆ ಆರು ಪೀಸ್ ಹಿಂದೆ ಬೀಳಲ್ಲ. ಆದರೆ ಮಾರ್ಚ್‌ಗೆ ಕೊಯ್ಲು ಮುಗಿಯಿತು, ಮೆಣಸು ಆಯಿತು, ಆಮೇಲೆ? ಕಳೆ, ಚಿಗುರು, ಗೊಬ್ಬರ, ದಿನಕ್ಕೆ 450. ಜುಲೈ ಮಳೆಯಲ್ಲಿ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಪುಣ್ಯ. ಕೊಪ್ಪೆ ಹಾಕಿಕೊಂಡು ಹೋಗಿ ಜಿಗಣೆ ಕಡಿಸಿಕೊಂಡು ವಾಪಸ್ ಬರಬೇಕು.

ಮತ್ತೆ ಆನೆ. ಬೆಳಗ್ಗೆ ಏಳಕ್ಕೆ ತೋಟಕ್ಕೆ ಹೋಗುವಾಗ ಮುಂದೆ ಹೋದವರು ಲದ್ದಿ ಮುಟ್ಟಿ ನೋಡುತ್ತಾರೆ, ಬಿಸಿ ಇದೆಯಾ ಅಂತ. ಬಿಸಿ ಇದ್ದರೆ ವಾಪಸ್. ವಾಪಸ್ ಬಂದ ದಿನಕ್ಕೆ ಕೂಲಿ ಇಲ್ಲ. ನಮ್ಮ ಪಕ್ಕದ ಲೈನಿನ ಹೆಂಗಸೊಬ್ಬಳು ವಾಪಸ್ ಬರಲಿಲ್ಲ. ಅದರ ಬಗ್ಗೆ ಜಾಸ್ತಿ ಬರೆಯಲ್ಲ. ಒಳ್ಳೆ ಗಾಳಿ, ಒಳ್ಳೆ ನೀರು ಅಂದಿರಲ್ಲ ಸಾರ್. ನಮ್ಮ ಲೈನ್ ಮನೆಯ ಕಕ್ಕಸಿಗೆ ಬಾಗಿಲಿಲ್ಲದೆ ಎರಡು ಮಳೆಗಾಲ ಆಯಿತು. ಗೋಣಿಚೀಲ ಕಟ್ಟಿದ್ದೇವೆ.

ರೈಟರ್ ಸುಂಟಿಕೊಪ್ಪ:
ನಾನು ಮಾಲೀಕ ಅಲ್ಲ ತಾಯಿ. ಬಾಗಿಲು ಹಾಕಿಸುವ ಅಧಿಕಾರ ನನಗಿಲ್ಲ. ನನ್ನ ಸಂಬಳ ಎಷ್ಟು ಅಂತ ಗೊತ್ತಾದರೆ ನೀವೇ ಅಳುತ್ತೀರಿ. ಪಿಎಫ್ ನನಗೂ ಇಲ್ಲ.

ಓವರ್‌ಲಾಕ್ ಅಕ್ಕ:
ಹಾಡು ಹೇಳಿಕೊಂಡು ಕೆಲಸ ಮಾಡುತ್ತಿದ್ದರಂತೆ! ನಮ್ಮಮ್ಮ ಹಾಡು ಹೇಳುತ್ತಿದ್ದಿದ್ದು ಹಸಿವು ಮರೆಯಲು. ಲೈನ್ ಮನೆ ಫ್ರೀ ಅಂತೆ. ಕೆಲಸ ಬಿಟ್ಟ ಮಾರನೇ ದಿನ ಸಾಮಾನು ಅಂಗಳದಲ್ಲಿ ಇರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ನಮಗೆ ಆಗಿದ್ದೂ ಅದೇ. ಅದಕ್ಕೇ ನನಗೆ ನನ್ನ ಹೆಸರಲ್ಲಿ ಮನೆ ಬೇಕಿತ್ತು. ಒಂದು ಗೋಡೆ ಬಿದ್ದರೂ ಅದು ನನ್ನ ಗೋಡೆ.

ಕಾಜಾ ಬಟನ್:
ನಾಲ್ಕು ದಿನದಿಂದ ಓದುತ್ತಿದ್ದೇನೆ. ಆ ಹುಡುಗಿ ಕೇಳಿದ್ದು ಮಗುವಿನ ವಿಷಯ. ಅದನ್ನು ಯಾರೂ ಹೇಳಿಲ್ಲ. ನನಗೆ ಗೊತ್ತು, ನನ್ನ ಮಗ ಬೆಳೆದಿದ್ದೇ ಫ್ಯಾಕ್ಟರಿಯ ಮಕ್ಕಳ ರೂಮಿನಲ್ಲಿ.

ನಾವು ಸುಂಕದಕಟ್ಟೆಯಲ್ಲಿದ್ದೆವು. ಗಂಡ ಟೆಂಪೊ ಓಡಿಸುತ್ತಿದ್ದರು. ಮಗನಿಗೆ ಹತ್ತು ತಿಂಗಳಿದ್ದಾಗ ಕರೆದುಕೊಂಡು ಹೋಗಲು ಶುರು ಮಾಡಿದೆ. ಮಕ್ಕಳ ರೂಮು ಕೆಳಗಿನ ಮಹಡಿ, ಹೊಲಿಗೆ ಲೈನ್ ಅದರ ಮೇಲೆ. 22 ಮಕ್ಕಳಿಗೆ ಇಬ್ಬರು ಆಯಾ. ಸೀರೆ ಕಟ್ಟಿದ ಜೋಳಿಗೆ ನಾಲ್ಕು. ಹಾಲು ಕುಡಿಸಲು ದಿನಕ್ಕೆ ಎರಡು ಸಲ ಬಿಡಬೇಕು, ನಮ್ಮ ಇನ್‌ಚಾರ್ಜ್ ಒಂದು ಸಲ ಬಿಡುತ್ತಿದ್ದ. ಎದೆ ಕಟ್ಟಿಕೊಂಡು ಬ್ಲೌಸ್ ಒದ್ದೆಯಾಗಿ, ಮೇಲೆ ಏಪ್ರನ್ ಹಾಕಿ ಮುಚ್ಚಿಕೊಂಡು ಗುಂಡಿ ಹಾಕುವ ತೂತಿಗೆ ಕಾಜಾ ಹೊಡೆಯುತ್ತಿದ್ದೆ. ಮಗ ಮಾತ್ರ ಆರಾಮ. ತಲೆ ಮೇಲೆ ಇನ್ನೂರು ಮಷಿನ್ ಗುಯ್ ಅನ್ನುತ್ತಿದ್ದರೆ ಗಡದ್ದಾಗಿ ನಿದ್ದೆ. ಹುತ್ತರಿ ಹಬ್ಬಕ್ಕೆ ಊರಿಗೆ ಬಂದೆವು ನೋಡಿ, ಮೂರು ರಾತ್ರಿ ಮಲಗಲಿಲ್ಲ. ಸದ್ದೇ ಇಲ್ಲ ಅಲ್ವಾ ಇಲ್ಲಿ. ಕೊನೆಗೆ ಅತ್ತೆ ರಾತ್ರಿ ಹತ್ತು ಗಂಟೆಗೆ ಖಾಲಿ ಮಿಕ್ಸಿ ಓಡಿಸಿದರು. ಆಮೇಲೆ ನಿದ್ದೆ ಹೋದ. ಮಿಕ್ಸಿ ಸುಟ್ಟು ಹೋಯಿತು, ಅದಕ್ಕೆ 650.

ಸಂಬಳದ ಲೆಕ್ಕ ನನ್ನದೂ ಹೇಳುತ್ತೇನೆ. 2023ರ ಮಾರ್ಚ್ ಸ್ಲಿಪ್ ಇನ್ನೂ ಇದೆ. ಒಟ್ಟು 11,400. ಪಿಎಫ್ 1,368. ಇಎಸ್ಐ 86. ಕೈಗೆ 9,946. ಮನೆ ಬಾಡಿಗೆ 6,000. ಬಸ್ ಪಾಸು 1,050, ಆಗ ಇನ್ನೂ ಫ್ರೀ ಬಸ್ಸಿನ ಶಕ್ತಿ ಯೋಜನೆ ಬಂದಿರಲಿಲ್ಲ. ಗ್ಯಾಸ್ 1,120. ಮಗನ ಹಾಲು 1,350. ಉಳಿದಿದ್ದು 426 ರೂಪಾಯಿ. ಅಕ್ಕಿ ಬೇಳೆ ಎಲ್ಲ ಗಂಡನ ದುಡ್ಡಲ್ಲಿ. ಗಂಡ ಒಂದು ವಾರ ಗಾಡಿ ಓಡಿಸದಿದ್ದರೆ ಸಾಲ. ಮನೆ ಅಡ್ವಾನ್ಸ್ 40 ಸಾವಿರ ಕೊಟ್ಟಿದ್ದೆವು. ಬಿಡುವಾಗ ಪೇಂಟ್‌ಗೆ ಅಂತ 6 ಸಾವಿರ, ಕಿಟಕಿ ಗಾಜಿಗೆ 800 ಹಿಡಿದರು. ಆ ಗಾಜು ನಾವು ಬರುವ ಮೊದಲೇ ಒಡೆದಿತ್ತು! ಹೋಗುವವರು ಮೊದಲ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಕುಶಾಲನಗರದಲ್ಲಿ ನನ್ನದೇ ಹೊಲಿಗೆ ಅಂಗಡಿ. ಸೆಕೆಂಡ್ ಹ್ಯಾಂಡ್ ಪವರ್ ಮಷಿನ್ ಎರಡು, ಓವರ್‌ಲಾಕ್ ಒಂದು. ಲೈನಿಂಗ್ ಬ್ಲೌಸ್ 350. ಮದುವೆ ಸೀಸನ್‌ನಲ್ಲಿ ತಿಂಗಳಿಗೆ 18 ಸಾವಿರ ಬಂದಿದ್ದೂ ಇದೆ. ಜುಲೈನಲ್ಲಿ 4 ಸಾವಿರ. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ ಬಲ್ಬ್ ಉರಿಸಿಡಬೇಕು. ಅದೂ ಖರ್ಚು.

ಶನಿವಾರಸಂತೆ ಸೊಸೆ:
ಕಾಜಾ ಅಕ್ಕ, ತುಂಬಾ ಥ್ಯಾಂಕ್ಸ್. ಮಕ್ಕಳ ರೂಮಿನಲ್ಲಿ ಎಷ್ಟು ವರ್ಷದವರೆಗೆ ಇಟ್ಟುಕೊಳ್ಳುತ್ತಾರೆ? ನನ್ನ ಮಗನಿಗೆ ಜನವರಿಗೆ ಮೂರು ತುಂಬುತ್ತದೆ.

ಸಿದ್ದಾಪುರ ಕರಿಮೆಣಸು:
ಲೈನಿಂಗ್ ಬ್ಲೌಸ್ 350ಕ್ಕಾ? ನಮ್ಮ ಕಡೆ 450 ಹೇಳುತ್ತಾರೆ. ಅದೂ ತೋಳು ಬಿಗಿ.

ಕಾಜಾ ಬಟನ್:
450 ತೆಗೆದುಕೊಳ್ಳುವವರು ಒಳಗೆ ಓವರ್‌ಲಾಕ್ ಮಾಡಲ್ಲ, ಬರೀ ಕತ್ತರಿಸಿ ಬಿಡುತ್ತಾರೆ. ತಿರುಗಿಸಿ ನೋಡಿ.

ಓವರ್‌ಲಾಕ್ ಅಕ್ಕ:
350ಕ್ಕೆ ಹೊಲಿದು ರೇಟು ಕೆಡಿಸುತ್ತಿರುವವರು ನೀವೇನಾ? ನಾನೂ ಊರಲ್ಲಿ ಹೊಲಿಯುತ್ತೇನೆ. 400ಕ್ಕೆ ಕಡಿಮೆ ಮಾಡಿದರೆ ದಾರ, ಹುಕ್ಸು, ಲೈನಿಂಗ್ ಬಟ್ಟೆ ಕಳೆದು ಏನು ಉಳಿಯುತ್ತದೆ? ಫ್ಯಾಕ್ಟರಿಯಲ್ಲಿ ಮಾಲೀಕ ಸುಲಿದ, ಈಗ ನಿಮ್ಮನ್ನು ನೀವೇ ಸುಲಿದುಕೊಳ್ಳುತ್ತಿದ್ದೀರಿ.

ಕಾಜಾ ಬಟನ್:
ಲೈನಿಂಗ್ ಬಟ್ಟೆ ಗಿರಾಕಿಯೇ ತರುತ್ತಾರೆ. ಕೊಡ್ಲಿಪೇಟೆಯಲ್ಲಿ ಬೇರೆ ಟೈಲರ್ ಇಲ್ಲ ಅಂತ 400 ಹೇಳುತ್ತೀರಿ. ಕುಶಾಲನಗರದಲ್ಲಿ ಒಂದೇ ರಸ್ತೆಯಲ್ಲಿ ಏಳು ಅಂಗಡಿ. ಬಂದು ನೋಡಿ ಮಾತಾಡಿ.

ಮಡಿಕೇರಿ ಮಂಜು:
ನಾನು ಹೊಲಿಯುವವಳಲ್ಲ, ಹೊಲಿಸುವವಳು. ಒಂದು ಸಣ್ಣ ವಿಷಯ. ಮೇಲೆ ಆಟಿ 18 ಅಂತ ಬರೆದಿದ್ದಾರೆ. ಅದು ಕಕ್ಕಡ 18.

ಮಾದಾಪುರ ಮಳೆ:
ನಿಮ್ಮ ಮನೆಯಲ್ಲಿ ಕಕ್ಕಡ, ನಮ್ಮ ಮನೆಯಲ್ಲಿ ಆಟಿ. ಸೊಪ್ಪು ಒಂದೇ, ಬಣ್ಣವೂ ಒಂದೇ.

ಮಡಿಕೇರಿ ಮಂಜು:
ಸರಿ ಮಾರಾಯ್ತಿ, ಜಗಳಕ್ಕೆ ಬಂದಿಲ್ಲ. ಆದರೆ ಪಾಯಸ ಡಬ್ಬಿಯಲ್ಲಿ ಬೆಂಗಳೂರಿಗೆ ಹೋಗಿ ಹಳಸಲಿಲ್ವಾ?

ಮಾದಾಪುರ ಮಳೆ:
ಸ್ವಲ್ಪ ಹುಳಿ ಬಂದಿತ್ತು. ತಿಂದೆವು.

ಹಾಸ್ಟೆಲ್ ಬೆಡ್ 14:
ನಾನು ಈಗಲೂ ಇಲ್ಲೇ ಇದ್ದೇನೆ. ಮೆಟ್ಟಿಲ ಮೇಲೆ ಕೂತು ಟೈಪ್ ಮಾಡುತ್ತಿದ್ದೇನೆ, ಒಳಗೆ ಸಿಗ್ನಲ್ ಇಲ್ಲ. ನನಗೆ 20. ವಿರಾಜಪೇಟೆ ಕಡೆಯವಳು. ಕಂಪನಿ ಹಾಸ್ಟೆಲ್, ರೂಮಿಗೆ ಹತ್ತು ಜನ. ಒಡಿಶಾ, ಜಾರ್ಖಂಡ್ ಹುಡುಗಿಯರು ಜಾಸ್ತಿ. ಕನ್ನಡದವಳು ನಾನೊಬ್ಬಳೇ. ಊಟಕ್ಕೂ ಬೆಡ್‌ಗೂ ಸೇರಿ 2,400 ಹಿಡಿಯುತ್ತಾರೆ. ಭಾನುವಾರ ಮೂರು ಗಂಟೆ ಹೊರಗೆ ಬಿಡುತ್ತಾರೆ, ಗೇಟಿನಲ್ಲಿ ಸೈನ್ ಮಾಡಿ. ಈಗ ಸಹಿ ಮಾಡಲು ಬಾರದ ಹುಡುಗಿಗೂ ನಾನೇ ಹೇಳಿಕೊಟ್ಟಿದ್ದೇನೆ. ಅನ್ನ ದಪ್ಪ, ಸಾರು ನೀರು. ನಾನು ಬ್ಯಾಗಿನಲ್ಲಿ ಒಂದು ಸಣ್ಣ ಶೀಶೆ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ಇಟ್ಟುಕೊಂಡಿದ್ದೇನೆ. ಸಾರಿಗೆ ಎರಡು ಹನಿ ಬಿಟ್ಟರೆ ಊರಿನ ರುಚಿ. ವಾರ್ಡನ್ ಇದೇನು ಔಷಧಿ, ಚೀಟಿ ತೋರಿಸು ಅಂದರು.

ಯಾರೂ ಬೈಯಬೇಡಿ. ನನಗೆ ಇಲ್ಲಿ ಇಷ್ಟವೇ. ಊರಲ್ಲಿದ್ದರೆ ಇಷ್ಟೊತ್ತಿಗೆ ಮದುವೆ ಮಾಡಿರುತ್ತಿದ್ದರು.

ರೈಟರ್ ಸುಂಟಿಕೊಪ್ಪ:
ಅಪ್ಪ ಅಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ ಮಗಳೇ.

ಓವರ್‌ಲಾಕ್ ಅಕ್ಕ:
ರೈಟರೇ, ನೀವು ಮೊದಲು ಆ ಕಕ್ಕಸಿನ ಬಾಗಿಲು ನೋಡಿ.

ರೈಟರ್ ಸುಂಟಿಕೊಪ್ಪ:
ಅದು ನನ್ನ ತೋಟ ಅಲ್ಲ ಅಂತ ಹೇಳಿದೆನಲ್ಲ. ಅವರು ಸಿದ್ದಾಪುರ, ನಾನು ಸುಂಟಿಕೊಪ್ಪ!

ಸಿದ್ದಾಪುರ ಕರಿಮೆಣಸು:
ಕೂಲಿ ಎಷ್ಟು ಅಂತ ಇನ್ನೂ ಬರೆದಿಲ್ಲ ಸಾರ್.

ಗೋಣಿಕೊಪ್ಪ ಸೈಬರ್:
ಗಲಾಟೆ ಮಧ್ಯೆ ಒಂದು ಮಾತು. ಹೊಸದಾಗಿ ಸೇರುವವರು ಸೇರುವ ಮೊದಲೇ ಆಧಾರ್, ಬ್ಯಾಂಕ್, ಪಿಎಫ್ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ನೋಡಿಕೊಳ್ಳಿ. ಬಸುರಿಯಾಗುವ ಯೋಚನೆ ಇದ್ದವರು ಇಎಸ್ಐ ಹಾಜರಿ ಮೇಲೆ ಕಣ್ಣಿಡಿ. ಹಿಂದಿನ ಎರಡು ಕಂತಿನ ಅವಧಿಯಲ್ಲಿ (ಒಂದೊಂದೂ ಆರು ತಿಂಗಳು) 70 ದಿನದ ಕಂತು ಇಲ್ಲದಿದ್ದರೆ 26 ವಾರದ ಹೆರಿಗೆ ಭತ್ಯೆ ಸಿಗುವುದಿಲ್ಲ. ನನ್ನ ಹೆಂಡತಿಗೆ 64 ದಿನ ಇತ್ತು. ಆರು ದಿನ ಕಡಿಮೆ. ಅವಳು ನನಗೆ ಇವತ್ತಿಗೂ ಆರು ಬೆರಳು ತೋರಿಸುತ್ತಾಳೆ. ಪಿಎಫ್ ಕ್ಲೇಮ್ ಹಾಕಿಕೊಡುವವನು ಮನೆಯ ಲೆಕ್ಕ ನೋಡಿಲ್ಲ ಅಂತ.

ಕಾಜಾ ಬಟನ್:
ಶನಿವಾರಸಂತೆ ತಂಗಿ, ನೀನು ಕೇಳಿದ್ದು ಬ್ಲೌಸ್ ಗಲಾಟೆಯಲ್ಲಿ ಮರೆತುಹೋಯಿತು. ಕಾನೂನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಅಂತ ಇದೆ. ನಮ್ಮಲ್ಲಿ ಮೂರು ತುಂಬಿದ ಮೇಲೆ ಬೇಡ ಅಂದರು, ಓಡಾಡುವ ಮಕ್ಕಳನ್ನು ಹಿಡಿಯಲು ಆಗಲ್ಲ ಅಂತ. ನಾನು ವಾಪಸ್ ಬಂದಿದ್ದೇ ಅದಕ್ಕೆ. ಅತ್ತೆ ಹತ್ತಿರ ಬಿಡಲಾ ಅಂದರೆ, ಬಿಡಬೇಡ ಅಂತಲೇ ನಾನು ಹೇಳುವುದು. ಆದರೆ ನಾನು ಬಿಟ್ಟಿರಲಿಲ್ಲ, ಅದಕ್ಕೆ ಹಾಗೆ ಹೇಳುತ್ತಿರಬಹುದು.

ಓವರ್‌ಲಾಕ್ ಅಕ್ಕ:
ನಾನು ಬಿಟ್ಟು ಹೋಗಿದ್ದೆ. ಮಗಳು ಎಂಟು ವರ್ಷ ನನ್ನ ಅಮ್ಮನ ಹತ್ತಿರ ಇದ್ದಳು. ಈಗಲೂ ಹುಷಾರಿಲ್ಲದಾಗ ಅಜ್ಜಿ ಅಂತಲೇ ಕರೆಯುತ್ತಾಳೆ. ಅಮ್ಮ ತೀರಿಕೊಂಡು ಮೂರು ವರ್ಷ ಆಯಿತು.

ಶನಿವಾರಸಂತೆ ಸೊಸೆ:
ಪೀಣ್ಯದ ಕಡೆ ಯಾವ ಫ್ಯಾಕ್ಟರಿಯಲ್ಲಾದರೂ ಮೂರು ವರ್ಷ ದಾಟಿದ ಮಕ್ಕಳನ್ನು ಇಟ್ಟುಕೊಳ್ಳುತ್ತಾರಾ ಅಂತ ಯಾರಿಗಾದರೂ ಗೊತ್ತಾ?

ಹಾಸ್ಟೆಲ್ ಬೆಡ್ 14:
ಅಕ್ಕ, ನಮ್ಮ ಕಂಪನಿಯ ಮಕ್ಕಳ ರೂಮಿನ ಹೊರಗೆ ಚಪ್ಪಲಿ ಬಿಟ್ಟಿರುತ್ತಾರೆ. ಕೆಲವು ದೊಡ್ಡ ಚಪ್ಪಲಿಗಳೂ ಇವೆ, ನಾಲ್ಕು ವರ್ಷದ ಮಕ್ಕಳದ್ದು ಇರಬಹುದು. ನಾಳೆ ಓಟಿ ಇದೆ. ಶನಿವಾರ ಆಯಾ ಅವರನ್ನು ಕೇಳಿ ಹೇಳಲಾ?

ಶನಿವಾರಸಂತೆ ಸೊಸೆ:
ಕೇಳಿ ತಂಗಿ. ಕಾಯುತ್ತೇನೆ.

ಕಾಜಾ ಬಟನ್:
ಓವರ್‌ಲಾಕ್ ಅಕ್ಕ, ಹುಕ್ಸು ಡಜನ್‌ಗೆ ನಿಮ್ಮ ಕಡೆ ಎಷ್ಟು?